ಕಪ್ಪು ಕಾಯಿ ಸಿಕ್ಕಿದ್ರೆ ಮುಖ ಯಾಕೆ ಸಪ್ಪಗೆ?

"ಬ್ಲ್ಯಾಕ್ ಬಂತಾ? ಸರಿ ಬಿಡು, ಹೆಂಗಾದ್ರೂ ಮಾಡಿ ಡ್ರಾ ಮಾಡ್ಕೊಂಡು ಬಾ."

ಭಾನುವಾರ ಯಾವುದಾದ್ರೂ ಕಲ್ಯಾಣ ಮಂಟಪದಲ್ಲೋ ಶಾಲೆಯ ಹಾಲ್‌ನಲ್ಲೋ ಮಕ್ಕಳ ಚೆಸ್ ಟೂರ್ನಮೆಂಟ್ ನಡೀತಿದ್ರೆ ಒಂದು ಸುತ್ತು ಹೋಗಿ ಬನ್ನಿ. ಪೇರಿಂಗ್ ಹಾಳೆ ಅಂಟಿಸಿರೋ ಗೋಡೆ ಹತ್ರ ಐದು ನಿಮಿಷ ನಿಂತ್ರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳತ್ತೆ. ಹೇಳೋರು ಅಪ್ಪ ಇರಬಹುದು, ಅಮ್ಮ ಇರಬಹುದು, ಗಂಟೆಗಿಷ್ಟು ಅಂತ ಫೀಸು ತಗೊಳ್ಳೋ ಕೋಚ್ ಇರಬಹುದು. ಮಗು ಇನ್ನೂ ಬೋರ್ಡಿನ ಮುಂದೆ ಕೂತಿಲ್ಲ, ಎದುರಿಗೆ ಯಾರು ಅಂತಾನೂ ನೋಡಿಲ್ಲ, ಆಗಲೇ ಅರ್ಧ ಸೋತಾಯ್ತು.

ಬಹಳ ದಿನ ಆದ್ಮೇಲೆ ಬ್ಲಾಗ್ ಕಡೆ ಬಂದಿದೀನಿ, ಬಂದವನೇ ಜಗಳಕ್ಕೆ ನಿಂತಿದೀನಿ, ಬೇಜಾರು ಮಾಡ್ಕೋಬೇಡಿ :-) ಚೆಸ್ ಆಡದವರೂ ಸ್ವಲ್ಪ ತಾಳ್ಮೆಯಿಂದ ಓದಿ. ಕಪ್ಪು ಕಾಯಿ ಅಂದ್ರೆ ಕಾಪಾಡಿಕೊಳ್ಳೋದು, ದಾಳಿ ಮಾಡೋ ಹಕ್ಕು ಬಿಳಿಯವನದ್ದು ಅಂತ ಮಕ್ಕಳ ತಲೆಗೆ ತುಂಬ್ತಿದೀವಲ್ಲ, ಅದು ಶುದ್ಧ ಸುಳ್ಳು. ನನ್ನ ವಾದ ಇಷ್ಟೇ: ಕಪ್ಪಿನವನು ಎರಡನೆಯವನಾಗಿ ನಡೆಸ್ತಾನೆ, ಅಂದ್ರೆ ಎದುರಾಳಿ ಏನು ಮಾಡಿದ ಅಂತ ನೋಡಿಕೊಂಡು ನಡೆಸ್ತಾನೆ. ಅವನ ದಾಳಿ ಹುಟ್ಟೋದೇ ಅಲ್ಲಿಂದ.

ಮೊದಲನೇದಾಗಿ, ಬಿಳಿಯೇ ಮೊದಲು ಅನ್ನೋದು ದೇವರು ಬರೆದ ನಿಯಮ ಅಲ್ಲ. ಯೂರೋಪಿನಲ್ಲೂ ಅದು ಗಟ್ಟಿಯಾಗಿದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೂ ಮುಂಚೆ ಕಪ್ಪು ಕಾಯಿ ಹಿಡಿದವನೂ ಮೊದಲ ನಡೆ ನಡೆಸ್ತಿದ್ದ. ಅಂದ್ರೆ ಈ "ಕಪ್ಪು ಅಂದ್ರೆ ಎರಡನೇ ದರ್ಜೆ" ಅನ್ನೋ ಭಯಕ್ಕೆ ಹೆಚ್ಚು ಕಮ್ಮಿ 150 ವರ್ಷ ವಯಸ್ಸು ಅಷ್ಟೇ. ನಮ್ಮ ತಾತಂದಿರು ಜಗಲಿ ಮೇಲೆ ಚದುರಂಗದ ಮಣೆ ಇಟ್ಕೊಂಡು ಆಡ್ತಿದ್ದಾಗ ಕಾಲಾಳಿಗೆ ಮೊದಲ ಸಲವೂ ಒಂದೇ ಮನೆ. ಆಟ ನಿಧಾನಕ್ಕೆ ಏರ್ತಿತ್ತು, ಯಾರು ಮೊದಲು ಶುರು ಮಾಡಿದ್ರು ಅನ್ನೋದಕ್ಕೆ ಅಂಥಾ ಬೆಲೆ ಏನೂ ಇರ್ಲಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಲೆಕ್ಕ ತೋರಿಸಿ ಹೆದರಿಸೋದು ಅಂದ್ರೆ ಇವರಿಗೆ ಭಾರಿ ಇಷ್ಟ. ದೊಡ್ಡ ಆಟಗಾರರ ಆಟಗಳ ಡೇಟಾಬೇಸ್ ತೆಗೆದು ನೋಡಿದ್ರೆ ಒಟ್ಟು ಅಂಕದಲ್ಲಿ ಬಿಳಿಗೆ ಸಿಗೋದು 100ಕ್ಕೆ ಸುಮಾರು 54-55. ಉಳಿದ 45 ಕಪ್ಪಿಗೆ. ಎಂಜಿನ್‌ಗೆ ಆಟ ಶುರುವಾಗೋ ಸ್ಥಿತಿ ಕೊಟ್ಟು ಕೇಳಿದ್ರೆ ಬಿಳಿಗೆ ಇರೋ ಮೇಲುಗೈ ಕಾಲು ಕಾಲಾಳಿನಷ್ಟು ಅನ್ನತ್ತೆ. ಕಾಲು ಕಾಲಾಳು! ಹತ್ತು ಹನ್ನೆರಡು ವರ್ಷದ ಮಕ್ಕಳು ಒಂದೇ ಆಟದಲ್ಲಿ ಆ ಕಡೆ ಒಂದು ಕುದುರೆ, ಈ ಕಡೆ ಒಂದು ಆನೆ ಪುಕ್ಕಟೆ ಕೊಟ್ಟು ಆಡೋರು. ಅವರಿಗೆ ಕಾಲು ಕಾಲಾಳಿನ ಭಯ ಹುಟ್ಟಿಸ್ತೀವಿ. ಕೋಡ್‌ನಲ್ಲಿ ಎಲ್ಲಾ ಕಡೆ ಬಗ್ ಇಟ್ಕೊಂಡು ಎರಡು ಮಿಲಿಸೆಕೆಂಡ್ ಉಳಿಸೋಕೆ ಮೀಟಿಂಗ್ ಕರೆಯೋ ಮ್ಯಾನೇಜರ್ ನೆನಪಾಗ್ತಾನೆ ನನಗೆ.

ಡ್ರಾ ಲೆಕ್ಕವನ್ನೇ ತಗೊಳ್ಳಿ. 7 ಸುತ್ತಿನ ಟೂರ್ನಮೆಂಟ್‌ನಲ್ಲಿ ಸಾಮಾನ್ಯವಾಗಿ 3 ಅಥವಾ 4 ಸಲ ಕಪ್ಪು ಬರತ್ತೆ. ನಿಮ್ಮ ಮಗಳು ಬಿಳಿಯಲ್ಲಿ ಆಡಿದ ಎಲ್ಲವನ್ನೂ ಗೆದ್ದಳು, ಕಪ್ಪಿನಲ್ಲಿ ಹೇಳಿದ ಮಾತು ಕೇಳಿ ಎಲ್ಲವನ್ನೂ ಡ್ರಾ ಮಾಡಿಕೊಂಡಳು ಅಂತಿಟ್ಟುಕೊಳ್ಳಿ. ಬಿಳಿ 4 ಬಂದಿದ್ರೆ ಐದೂವರೆ, 3 ಬಂದಿದ್ರೆ 5. ಬಿಳಿಯಲ್ಲಿ ಒಂದೂ ಆಟ ಬಿಡದೆ ಗೆದ್ದ ಮಗು ಅದು! ಆದ್ರೂ ಕಪ್ ಇನ್ನೊಬ್ಬರ ಮನೆಗೆ. ಮೊದಲ ಸ್ಥಾನ ಬೇಕಿದ್ರೆ ಕಪ್ಪಿನಲ್ಲಿ ಗೆಲ್ಲಲೇಬೇಕು. ಇಷ್ಟು ಸಣ್ಣ ಕೂಡೋ ಲೆಕ್ಕ ಗೋಡೆ ಹತ್ರ ನಿಂತೋರಿಗೆ ಯಾಕೆ ಹೊಳೆಯಲ್ಲ?

ನಮ್ಮ ಊರು ಹಾರಂಗಿ. ಕುಶಾಲನಗರದಿಂದ ಸ್ವಲ್ಪ ದೂರ, ಡ್ಯಾಮ್ ಇದೆಯಲ್ಲ, ಅಲ್ಲೇ. ಕೊಡಗಿನವರಿಗೆ ಈ ಪಾಠ ಹೇಳಿಕೊಡಬೇಕಾ ಅಂತ ಒಮ್ಮೊಮ್ಮೆ ಅನ್ಸತ್ತೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಗೊತ್ತಲ್ಲ. ಆ ಮೈದಾನದಲ್ಲಿ ಸೆಂಟರ್ ಪಾಸ್ ಎದುರು ತಂಡಕ್ಕೆ ಸಿಕ್ತು ಅಂತ ಯಾರಾದ್ರೂ "ಇವತ್ತು ಡ್ರಾಗೆ ಆಡೋಣ" ಅಂದಿದ್ದನ್ನ ಕೇಳಿದೀರಾ? ಎದುರಿನವರು ಎಲ್ಲಾ ಮುಂದೆ ನುಗ್ಗಿ ಬಂದಾಗ ಅವರ ಹಿಂದೆ ಎಷ್ಟು ಜಾಗ ಖಾಲಿ ಆಯ್ತು ಅಂತ ನೋಡೋರು ನಮ್ಮೋರು. ಚೆಂಡು ಕಸಿದುಕೊಂಡ ತಕ್ಷಣ ಆ ಖಾಲಿ ಜಾಗಕ್ಕೇ ಓಟ. ಚೆಸ್‌ನಲ್ಲಿ ಕಪ್ಪಿನ ದಾಳಿ ಅಂದ್ರೂ ಇದೇ ಕಣ್ರೀ, ಬೇರೇನಲ್ಲ.

ಊರಲ್ಲಿ ನಮ್ಮ ಪಕ್ಕದ ಮನೆ ಹುಡುಗ ಒಬ್ಬ ಇದಾನೆ, 11 ವರ್ಷ. ಚುರುಕು ಅಂದ್ರೆ ಚುರುಕು. ಕಳೆದ ಮಳೆಗಾಲದಲ್ಲಿ ರಜೆ ಹಾಕಿ ಮನೆಗೆ ಹೋಗಿದ್ದಾಗ ಬರೆದುಕೊಂಡ ಸ್ಕೋರ್‌ಶೀಟ್ ತಂದು ತೋರಿಸಿದ. ಕಪ್ಪು, ಸೋತಿದಾನೆ. ಬಿಳಿಯವನು ಇ4, ಕುದುರೆ ಎಫ್3, ಒಂಟೆ ಸಿ4, ಅಂದ್ರೆ ಇಟಾಲಿಯನ್. ನಮ್ಮವನು ಮೂರನೇ ನಡೆಗೇ ಎಚ್6! ಆಮೇಲೆ ಡಿ6, ಆಮೇಲೆ ಎ6. ಕಾಯಿ ಒಂದೂ ಹೊರಗೆ ಬಂದಿಲ್ಲ, ಬೇಲಿ ಹಾಕಿಕೊಂಡು ಒಳಗೆ ಕೂತಿದಾನೆ.

"ಎಚ್6 ಯಾಕೋ ಆಡಿದೆ?" ಅಂದೆ.

"ಕುದುರೆ ಜಿ5ಗೆ ಬಂದ್ರೆ ಎಫ್7 ಹೋಗತ್ತಲ್ಲ ಅಣ್ಣಾ. ಬ್ಲ್ಯಾಕ್‌ನಲ್ಲಿ ರಿಸ್ಕ್ ತಗೋಬೇಡ, ಡ್ರಾ ಸಾಕು ಅಂತ ಸರ್ ಹೇಳಿದಾರೆ."

ಸರ್ ಯಾರು, ಯಾವ ಊರಿನೋರು ಅನ್ನೋದೆಲ್ಲ ಬೇಡ ಬಿಡಿ, ಆ ಸರ್ ಒಬ್ಬರೇ ಅಲ್ಲ. ಕರೆಂಟ್ ಹೋಗಿತ್ತು, ಮೇಣದಬತ್ತಿ ಹಚ್ಚಿಕೊಂಡು ಬೋರ್ಡ್ ಜೋಡಿಸಿದ್ವಿ. ಎಚ್6 ಬೇಡ, ನಿನ್ನ ಕುದುರೆ ಎಫ್6ಗೆ ತಾ, ಅವನ ಕುದುರೆ ಜಿ5ಗೆ ಬರಲಿ ಬಿಡು ಅಂದೆ. ಇದು ಶತಮಾನಗಳಷ್ಟು ಹಳೆಯ ಆಟ, ಟೂ ನೈಟ್ಸ್ ಡಿಫೆನ್ಸ್ ಅಂತಾರೆ. (ಡಿಫೆನ್ಸ್ ಅನ್ನೋ ಹೆಸರೇ ಅರ್ಧ ಜನರ ದಾರಿ ತಪ್ಪಿಸಿರೋದು ಅಂತ ನನ್ನ ಗುಮಾನಿ.) ಕುದುರೆ ಜಿ5ಗೆ ಬಂತು. ಕಪ್ಪು ಡಿ5 ಅಂತ ಕಾಲಾಳು ನುಗ್ಗಿಸತ್ತೆ. ಬಿಳಿ ಅದನ್ನ ಹೊಡೆಯತ್ತೆ. ಈಗ ಅದನ್ನ ತಿರುಗಿ ಕುದುರೆಯಿಂದ ಹೊಡೆದ್ರೆ ಎಫ್7 ಮೇಲೆ ಕುದುರೆ ಬಲಿ ಕೊಟ್ಟು ನಿಮ್ಮ ರಾಜನನ್ನ ಬೀದಿಗೆ ಎಳೀತಾರೆ, ಹೆದರೋ ಜಾಗ ಅದೊಂದೇ. ಅದರ ಬದಲು ಇನ್ನೊಂದು ಕುದುರೆಯನ್ನ ಎ5ಗೆ ತಂದು ಒಂಟೆಯನ್ನ ಹಿಡೀರಿ. ಒಂಟೆ ಬಿ5ಗೆ ಬಂದು ಚೆಕ್, ಕಪ್ಪು ಸಿ6, ಹೊಡಿ, ತಿರುಗಿ ಹೊಡಿ, ಒಂಟೆ ಇ2ಗೆ ವಾಪಸ್. ಕಪ್ಪು ಈಗ ಎಚ್6. ನೋಡಿ, ಅದೇ ಎಚ್6! ಮೂರನೇ ನಡೆಯಲ್ಲಿ ಅದು ಹೇಡಿತನ, ಎಂಟನೇ ನಡೆಯಲ್ಲಿ ಅದು ಏಟು. ಕುದುರೆ ಎಫ್3ಗೆ ವಾಪಸ್, ಕಪ್ಪು ಇ4, ಕುದುರೆ ಮತ್ತೆ ಇ5ಗೆ.

ಇಲ್ಲಿಗೆ ನಿಲ್ಲಿಸಿ ಹುಡುಗನಿಗೆ ಎಣಿಸು ಅಂದೆ. ಬಿಳಿ 10 ನಡೆ ಆಡಿದೆ. ಅದರಲ್ಲಿ ಒಂದೇ ಕುದುರೆ 4 ಸಲ, ಒಂದೇ ಒಂಟೆ 3 ಸಲ, ಒಂದು ಕಾಲಾಳು 3 ಸಲ. ಬೇರೆ ಯಾವ ಕಾಯಿಯೂ ಮಲಗಿದ ಜಾಗದಿಂದ ಎದ್ದಿಲ್ಲ, ರಾಜ ಇನ್ನೂ ನಡುಮನೆಯಲ್ಲೇ. ಕಪ್ಪಿಗೆ ಒಂದು ಕಾಲಾಳು ಕಮ್ಮಿ, ಎ5 ಕುದುರೆ ಮೂಲೆಗೆ ಬಿದ್ದಿದೆ, ಒಪ್ಪೋಣ. ಆದ್ರೆ ಈಗ ಒಂಟೆ ಡಿ6ಗೆ ಬಂದ್ರೆ ಇ5 ಕುದುರೆ ಐದನೇ ಸಲ ಹೊರಡಬೇಕಾ ಅಂತ ಬಿಳಿಯವನೇ ಯೋಚನೆ ಮಾಡ್ಬೇಕು. ಮೊದಲ ನಡೆಯ ಲಾಭ ಎಲ್ಲಿ ಹೋಯ್ತು ಈಗ?

ಆ ಹುಡುಗ ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿ, "ಹಂಗಾದ್ರೆ ಕಾಲಾಳು ಹೋದ್ರೂ ಪರ್ವಾಗಿಲ್ವಾ?" ಅಂತ ಕೇಳಿದ. ಎರಡು ವರ್ಷ ಫೀಸು ಕಟ್ಟಿದ ಮೇಲೆ ಕೇಳ್ತಿರೋ ಪ್ರಶ್ನೆ ಅದು! ನನಗೆ ಸಿಟ್ಟು ಬಂದಿದ್ದು ಆಗಲೇ, ಈ ಪೋಸ್ಟ್ ಹುಟ್ಟಿದ್ದೂ ಆಗಲೇ.

ಕಪ್ಪಿನಲ್ಲಿ ಒಳ್ಳೇ ನಡೆ ಹುಡುಕೋದು ಹೆಂಗೆ ಅಂತ ಕೇಳಿದ್ರೆ ಚೆಕ್ ನೋಡು, ಹೊಡೆತ ನೋಡು, ಬೆದರಿಕೆ ನೋಡು ಅಂತ ಎಲ್ಲಾ ಪುಸ್ತಕವೂ ಹೇಳತ್ತೆ. ಸರಿಯಾದ ಮಾತೇ. ಆದ್ರೆ ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಇದೆ, ಅದನ್ನ ಯಾರೂ ಕಲಿಸ್ತಿಲ್ಲ: ಈಗ ಆಡಿದ ನಡೆಯಿಂದ ಬಿಳಿಯವನು ಏನು ಬಿಟ್ಟು ಬಂದ? ಪ್ರತಿ ನಡೆಯೂ ಎಲ್ಲಿಗೋ ಹೋಗತ್ತೆ, ಹಾಗೇ ಎಲ್ಲಿಂದಲೋ ಹೊರಡತ್ತೆ. ಹೋದ ಜಾಗ ನೋಡೋದು ಭಯ, ಬಿಟ್ಟ ಜಾಗ ನೋಡೋದು ದಾಳಿ.

ಈಗೀಗ ಯಾರನ್ನ ನೋಡಿದ್ರೂ ಲಂಡನ್ ಸಿಸ್ಟಮ್ ಆಡ್ತಾರೆ. ಡಿ4, ಒಂಟೆ ಎಫ್4, ಕಣ್ಮುಚ್ಚಿ ಆಡಬಹುದು ಅಂತ ಅದಕ್ಕೆ ಹೆಸರು. ಒಂಟೆ ಎಫ್4ಗೆ ಬಂತು, ಸರಿ. ಬಿಟ್ಟಿದ್ದು ಏನು? ಬಿ2 ಕಾಲಾಳನ್ನ ಕಾಯೋರಿಲ್ಲ. ಅದಕ್ಕೇ ಕಪ್ಪು ಸಿ5 ಆಡಿ, ಕುದುರೆ ಸಿ6ಗೆ ತಂದು, ರಾಣಿಯನ್ನ ಬಿ6ಗೆ ತರೋದು. ಬಿಳಿ ತನ್ನ ರಾಣಿಯನ್ನ ಬಿ3ಗೆ ತಂದು ಅಡ್ಡ ನಿಲ್ಲಿಸಿದ್ರೆ ಸಿ4 ಅಂತ ತಳ್ಳಿ. ರಾಣಿ ರಾಣಿ ಹೊಡೆದಾಡಿಕೊಂಡ್ರೆ ಎ7 ಕಾಲಾಳು ಬಿ6ಗೆ ಬರತ್ತೆ, ನಿಮ್ಮ ಆನೆಗೆ ಕೂತಲ್ಲೇ ಬಾಗಿಲು ತೆರೆದಂಗಾಯ್ತು. ಮುಂದೆ ಬಿ5, ಬಿ4 ಅಂತ ನುಗ್ಗೋದು. ರಾಣಿಯರು ಹೋದ ಮೇಲೂ ದಾಳಿ ಕಪ್ಪಿನದೇ. (ನಮ್ಮ ಕಡೆ ನಿಜವಾದ ಆನೆ ಕಾಫಿ ತೋಟಕ್ಕೆ ಇಳಿದ್ರೆ ಯಾರೂ ಬಾಗಿಲು ತೆರೆಯೋದು ಬೇಕಾಗಲ್ಲ, ಬೇಲಿ ಮುರಿದೇ ಬರತ್ತೆ. ಚೆಸ್ಸಿನ ಆನೆ ಪಾಪ ಸಾಧು.)

ಇದೆಲ್ಲ ಸಣ್ಣೋರ ಆಟ, ಮೇಲಿನ ಮಟ್ಟದಲ್ಲಿ ನಡೆಯಲ್ಲ ಅನ್ನೋರಿಗೆ ಒಂದೇ ಆಟ ಸಾಕು. 2013ರ ಜನವರಿ, ಹಾಲೆಂಡಿನ ವೈಕ್ ಆನ್ ಜೀ. ಬಿಳಿ ಲೆವೊನ್ ಅರೋನಿಯನ್, ಕಪ್ಪು ನಮ್ಮ ವಿಶ್ವನಾಥನ್ ಆನಂದ್. ಆಟ ಮುಗಿದಿದ್ದು 23 ನಡೆಗೆ.

12ನೇ ನಡೆಗೆ ಅರೋನಿಯನ್ ಕುದುರೆ ಜಿ5ಗೆ ಬಂತು, ಗುರಿ ಎಚ್7. ನಮ್ಮ ಗೋಡೆ ಹತ್ರದ ಕೋಚ್ ಇದ್ದಿದ್ರೆ "ಎಚ್6 ಆಡು, ಎಚ್6 ಆಡು" ಅಂತ ಕೂಗ್ತಿದ್ರು. ಆನಂದ್ ಆಡಿದ್ದು ಸಿ5. ಅಂಚಿನಲ್ಲಿ ಹೊಡೀತೀಯಾ, ಹೊಡಿ, ನಾನು ನಡುವೆ ಒಡೀತೀನಿ ಅಂತ. ಕುದುರೆ ಎಚ್7 ಕಾಲಾಳನ್ನ ತಿಂತು, ಎದುರಿಗೆ ಆನೆಯೂ ಸಿಗೋ ಹಂಗಿದೆ. ಆನಂದ್ ಆ ಕುದುರೆಯನ್ನ ತಿನ್ನಲೂ ಇಲ್ಲ! ತನ್ನ ಕುದುರೆಯನ್ನ ಜಿ4ಗೆ ಹಾರಿಸಿದ್ರು. ಡಿ6 ಒಂಟೆ, ಜಿ4 ಕುದುರೆ, ಎರಡರ ಕಣ್ಣೂ ಎಚ್2 ಮೇಲೆ. ಅರೋನಿಯನ್ ಎಫ್4 ಆಡಿ ಒಂಟೆಯ ದಾರಿ ಮುಚ್ಚಿದ್ರು.

ಈಗ ಆ ಪ್ರಶ್ನೆ ಕೇಳಿ. ಎಫ್4 ಏನು ಬಿಟ್ಟು ಬಂತು? ಜಿ1ರಲ್ಲಿರೋ ರಾಜನಿಗೆ ಎಫ್2 ಕಾಲಾಳು ಮರೆಯಾಗಿತ್ತು, ಆ ಮರೆ ಹೋಯ್ತು. ಕಪ್ಪು ಡಿ4 ಹೊಡೀತು, ಬಿಳಿ ಇ3 ಕಾಲಾಳಿಂದ ತಿರುಗಿ ಹೊಡೀತು, ಇ3ಯೂ ಖಾಲಿ. ತಕ್ಷಣ ಆನಂದ್ ಒಂಟೆಯನ್ನ ಸಿ5ಗೆ ತಂದು ಕಾಲಾಳಿನ ಬಾಯಿಗೇ ಇಟ್ಟರು. ತಿನ್ನು ಅಂತ. ಅರೋನಿಯನ್ ತಿನ್ನಲಿಲ್ಲ, ಜಿ4 ಕುದುರೆ ಮೇಲೆ ಕಣ್ಣಿಟ್ಟು ಒಂಟೆಯನ್ನ ಇ2ಗೆ ತಂದ್ರು. ಆಗ ಆನಂದ್ ಇನ್ನೊಂದು ಕುದುರೆಯನ್ನ ಇ5ಗೆ ಇಟ್ಟರು. ಈಗ ಒಂಟೆಯೂ ಬಾಯಲ್ಲಿ, ಎರಡು ಕುದುರೆಯೂ ಬಾಯಲ್ಲಿ. ಇ5 ಕುದುರೆಯನ್ನ ಎಫ್ ಕಾಲಾಳಿಂದ ತಿಂದ್ರೆ ಏನಾಗ್ತಿತ್ತು ಗೊತ್ತಾ? ರಾಣಿ ಡಿ4 ಹೊಡೆದು ಚೆಕ್, ರಾಜ ಎಚ್1 ಮೂಲೆಗೆ, ರಾಣಿ ಜಿ1ಕ್ಕೆ ಹೋಗಿ ಪ್ರಾಣ ಕೊಟ್ಟು ಚೆಕ್, ಆನೆ ಅದನ್ನ ತಿನ್ನಲೇಬೇಕು, ಆಮೇಲೆ ಕುದುರೆ ಎಫ್2ಗೆ ಬಂದು ಮೇಟ್. ರಾಜನ ಸುತ್ತ ಅವನದೇ ಕಾಯಿಗಳು, ಉಸಿರಾಡೋಕೆ ಜಾಗ ಇಲ್ಲ.

ಅರೋನಿಯನ್ ಆ ದಾರಿ ಹಿಡೀಲಿಲ್ಲ. ಜಿ4 ಕುದುರೆಯನ್ನ ಹೊಡೆದು, ಚೆಕ್ ತಪ್ಪಿಸಿಕೊಂಡು, ಆಮೇಲೆ ಆನೆಯನ್ನೂ ತಿಂದ್ರು. ಆಗಲೂ ಆನಂದ್ ಆನೆ ಹೋಯ್ತು ಅಂತ ಗಾಬರಿ ಬೀಳದೆ ಎಫ್5 ಅಂತ ಒಂದು ಮೌನದ ನಡೆ ಆಡಿದ್ರು. ಬಿಳಿ ರಾಣಿ ಎಚ್7ಗೆ ಬರೋ ದಾರಿ ಬಂದ್. ಚೆಕ್ ಅಲ್ಲ, ಹೊಡೆತ ಅಲ್ಲ. ಆದ್ರೆ ಇಡೀ ಆಟದಲ್ಲಿ ನನಗೆ ತುಂಬಾ ಇಷ್ಟ ಆಗೋ ನಡೆ ಅದು. ನಾಲ್ಕು ನಡೆ ಆದ್ಮೇಲೆ ಒಂಟೆ ಇ3ಗೆ ಬಂತು, ಅರೋನಿಯನ್ ಕೈ ಕೊಟ್ಟರು.

ಈ ಆಟ ನೋಡಿದ ತಿಳಿದವರೆಲ್ಲ ನೆನೆಸಿಕೊಂಡಿದ್ದು 1907ರಲ್ಲಿ ಪೋಲೆಂಡಿನ ಲಾಡ್ಜ್‌ನಲ್ಲಿ ರೊಟ್ಲೆವಿ ವಿರುದ್ಧ ರೂಬಿನ್‌ಸ್ಟೈನ್ ಆಡಿದ ಆಟವನ್ನ. ಅಲ್ಲೂ ಗೆದ್ದಿದ್ದು ಕಪ್ಪು. ಎರಡೂ ಕಡೆ ಹೆಚ್ಚು ಕಮ್ಮಿ ಕನ್ನಡಿಯಲ್ಲಿ ನೋಡಿದ ಹಾಗೆ ಒಂದೇ ಥರ ಕಾಯಿ ಜೋಡಿಸಿದ್ರು. ಆದ್ರೆ ರೊಟ್ಲೆವಿ ರಾಣಿಯನ್ನ ಮೊದಲು ಡಿ2ಗೆ, ಆಮೇಲೆ ಇ2ಗೆ ಅಂತ ಎರಡು ಸಲ ನಡೆಸಿದ, ಒಂಟೆಯನ್ನೂ ಹಿಂದೆ ಮುಂದೆ ಓಡಾಡಿಸಿದ. ಅಷ್ಟೇ, ಮೊದಲ ನಡೆಯ ಲಾಭ ಕೈ ಬದಲಾಯ್ತು. ಅಲ್ಲಿಂದ ರೂಬಿನ್‌ಸ್ಟೈನ್ ಸಿ3ರಲ್ಲಿ ಆನೆ ಇಟ್ಟು ರಾಣಿಯನ್ನ ಕೊಟ್ಟು, ಇನ್ನೊಂದು ಆನೆಯನ್ನ ಡಿ2ರಲ್ಲಿ ಕೊಟ್ಟು, 25ನೇ ನಡೆಗೆ ಆನೆ ಎಚ್3ಗೆ ತಂದ. ರೊಟ್ಲೆವಿ ಶರಣು. ರೂಬಿನ್‌ಸ್ಟೈನ್ ಅಷ್ಟೊಂದು ಕೊಟ್ಟಿದ್ದು ಹುಚ್ಚಿಗಲ್ಲ, ನಡೆ ಲೆಕ್ಕ ಹಾಕಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಗುಂಪಿನವರ ಮೇಲೂ ಕೋಪ ತೀರಿಸಿಕೊಳ್ಳಬೇಕು. ಯೂಟ್ಯೂಬ್ ತೆಗೆದ್ರೆ ಸಾಕು, "ಬ್ಲ್ಯಾಕ್‌ನಲ್ಲಿ 8 ನಡೆಗೆ ಗೆಲ್ಲಿ!" ಹೆದರುಪುಕ್ಕಲ ಕೋಚ್‌ಗಳಿಂದ ತಪ್ಪಿಸಿಕೊಂಡ ಮಕ್ಕಳು ನೇರ ಇವರ ಕೈಗೆ ಸಿಗ್ತಾರೆ. ಡಿ4ಗೆ ಇ5 ಅನ್ನೋ ಎಂಗ್ಲಂಡ್ ಗ್ಯಾಂಬಿಟ್ ಇದೆಯಲ್ಲ, ಅದರಲ್ಲಿ ಕಪ್ಪು ರಾಣಿ ಇ7, ಬಿ4, ಬಿ2 ಅಂತ ಓಡಿ ಕಾಲಾಳು ತಿನ್ನತ್ತೆ. ಬಿಳಿಯವನು ಆಗ ಒಂಟೆಯನ್ನ ಸಿ3ಗೆ ತಂದ್ರೆ ಕಪ್ಪು ಒಂಟೆ ಬಿ4ಗೆ ಬರತ್ತೆ, 8ನೇ ನಡೆಗೆ ರಾಣಿ ಸಿ1ರಲ್ಲಿ ಮೇಟ್ ಕೂಡ ಆಗಬಹುದು. ನಿಜ. ಆದ್ರೆ ಬಿಳಿಯವನು ಒಂಟೆಯ ಬದಲು ಕುದುರೆಯನ್ನ ಸಿ3ಗೆ ತಂದ್ರೆ? ವೀಡಿಯೋ ಮುಗೀತು, ಆಟ ಉಳೀತು, ಕಪ್ಪು ರಾಣಿ ಒಬ್ಬಳೇ ಶತ್ರು ಮನೆಯಲ್ಲಿ. ಹುಡುಗ ಸೋತು ಬಂದು "ಬ್ಲ್ಯಾಕ್ ಅಲ್ವಾ" ಅಂತಾನೆ. ಸುತ್ತಿ ಬಳಸಿ ಅದೇ ಗೋಡೆ ಹತ್ರ ಬಂದು ನಿಂತಂಗಾಯ್ತು. ಎದುರಾಳಿ ಒಂದೇ ಒಂದು ನಿರ್ದಿಷ್ಟ ತಪ್ಪು ಮಾಡಲಿ ಅಂತ ಕಾಯೋದು ದಾಳಿ ಅಲ್ಲ, ಲಾಟರಿ. ನೆಟ್‌ನಲ್ಲಿ ಸಿಕ್ಕಿದ ಕೋಡ್ ಅರ್ಥ ಆಗದೆ ಅಂಟಿಸೋ ಕೆಲಸ ಇದು. ಡೆಮೋದಲ್ಲಿ ಓಡತ್ತೆ.

ಹಾಗಂತ ಕಪ್ಪಿನ ದಾಳಿ ಯಾವಾಗಲೂ ರಾಜನ ಕುತ್ತಿಗೆ ಹಿಡಿಯೋದೇ ಅಲ್ಲ. 2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚಾಂಪಿಯನ್‌ಷಿಪ್‌ನ 14ನೇ, ಕೊನೆಯ ಆಟ. ಡಿಂಗ್ ಲಿರೆನ್ ಬಿಳಿ, ಗುಕೇಶ್ ಕಪ್ಪು. ಅಂಕ ಸಮ. ಬಿಳಿ ಹಿಡಿದ ಚಾಂಪಿಯನ್ ಡ್ರಾ ಆದ್ರೆ ಸಾಕು ಅನ್ನೋ ಹಾಗೆ ಕಾಯಿ ಕಳೀತಾ ಬಂದ್ರು. ಗುಕೇಶ್ ಹತ್ರ ಒಂದು ಕಾಲಾಳು ಜಾಸ್ತಿ, ಅಷ್ಟೇ. ಇದು ಡ್ರಾ ಅಂತ ನೋಡೋರೆಲ್ಲ ಎದ್ದು ಕಾಫಿಗೆ ಹೋಗೋ ಹೊತ್ತು. ಗುಕೇಶ್ ಏಳಲಿಲ್ಲ. 55ನೇ ನಡೆಗೆ ಡಿಂಗ್ ಆನೆಯನ್ನ ಎಫ್2ಗೆ ತಂದು ಆನೆಗೆ ಆನೆ ಕಳೆಯೋಣ ಅಂದ್ರು. ಡಿಂಗ್ ಒಂಟೆ ಎ8 ಮೂಲೆಯಲ್ಲಿ ಕೂತಿದೆ. ಗುಕೇಶ್ ಆನೆ ಕಳೆದು, ಒಂಟೆಯನ್ನ ಡಿ5ಗೆ ತಂದು, ಇದನ್ನೂ ಕಳಿ ಅಂದ್ರು. ಮೂಲೆಯ ಒಂಟೆಗೆ ತಪ್ಪಿಸಿಕೊಳ್ಳೋ ದಾರಿ ಇಲ್ಲ. ಉಳಿದಿದ್ದು ರಾಜ, ಕಾಲಾಳು, ಸೋಲು. 18 ವರ್ಷದ ಹುಡುಗ ಕಪ್ಪಿನಲ್ಲಿ ಗೆದ್ದು ವಿಶ್ವ ಚಾಂಪಿಯನ್ ಆದ. ಆ ಪಂದ್ಯದ ಮೊದಲ ಆಟ ಗೆದ್ದಿದ್ದೂ ಕಪ್ಪೇ, ಅದು ಡಿಂಗ್, ಫ್ರೆಂಚ್ ಡಿಫೆನ್ಸ್ ಆಡಿ. ಕಪ್ಪಿನಿಂದ ಶುರುವಾಗಿ ಕಪ್ಪಿನಲ್ಲಿ ಮುಗಿದ ಪಂದ್ಯ ಅದು.

ಇದೊಂದೇ ಅಲ್ಲ. 2010ರ ಮೇ 11, ಸೋಫಿಯಾ. ಟೊಪಲೋವ್ ವಿರುದ್ಧ 12ನೇ, ಕೊನೆಯ ಆಟವನ್ನ ಆನಂದ್ ಕಪ್ಪಿನಲ್ಲೇ ಗೆದ್ದು ಪಟ್ಟ ಉಳಿಸಿಕೊಂಡ್ರು. ಟೊಪಲೋವ್ ಅವಸರ ಬಿದ್ದು ಕಾಲಾಳು ಹೊಡೀತಾ ಹೋಗಿ ತಮ್ಮ ರಾಜನ ಮುಂದಿನ ಓಣಿಯನ್ನ ತಾವೇ ತೆರೆದುಕೊಟ್ಟರು. 1985ರ ನವೆಂಬರ್ 9, ಮಾಸ್ಕೋ. ಪಟ್ಟ ಉಳಿಸಿಕೊಳ್ಳೋಕೆ ಕಾರ್ಪೋವ್ ಗೆಲ್ಲಲೇಬೇಕಿದ್ದ 24ನೇ ಆಟದಲ್ಲಿ 22 ವರ್ಷದ ಕಾಸ್ಪರೋವ್ ಕಪ್ಪಿನಲ್ಲಿ ಸಿಸಿಲಿಯನ್ ಆಡಿ ಗೆದ್ದ. ಡ್ರಾ ಆಗಿದ್ರೂ ಪಟ್ಟ ಅವನದೇ ಆಗ್ತಿತ್ತು, ಆದ್ರೂ ಗೆದ್ದ. ಡ್ರಾ ಮಾಡ್ಕೊಂಡು ಬಾ ಅನ್ನೋ ಪುಣ್ಯಾತ್ಮರು ಈ ಮೂರು ಆಟಗಳನ್ನ ಮಕ್ಕಳಿಗೆ ಯಾವತ್ತಾದ್ರೂ ತೋರಿಸಿದಾರಾ?

ಕಪ್ಪು ಕಾಯೋದು ಬೇರೆ, ಕಪ್ಪು ಹೆದರೋದು ಬೇರೆ. ಕಿಂಗ್ಸ್ ಇಂಡಿಯನ್ ಆಡೋರಿಗೆ ಇದು ಚೆನ್ನಾಗಿ ಗೊತ್ತು. ನಡುವೆ ಕಾಲಾಳುಗಳು ಒಂದಕ್ಕೊಂದು ಸಿಕ್ಕಿಕೊಂಡ ಮೇಲೆ ಬಿಳಿ ಒಂದು ಪಕ್ಕದ ಜಾಗವನ್ನೆಲ್ಲ ನುಂಗುತ್ತಾ ಬರತ್ತೆ. ಕಪ್ಪು ಅದನ್ನ ತಡೆಯೋಕೆ ಹೋಗದೆ ಇನ್ನೊಂದು ಪಕ್ಕದಲ್ಲಿ ಎಫ್5, ಎಫ್4, ಜಿ5, ಜಿ4 ಅಂತ ರಾಜನ ಮೇಲೇ ಏರಿ ಹೋಗತ್ತೆ. ಅವನಿಗೆ ಜಾಗ, ಇವನಿಗೆ ರಾಜ. ಎಂಜಿನ್ ಇದನ್ನ ನೋಡಿ ಬಿಳಿಗೆ ಮೇಲುಗೈ ಅಂತ ನಂಬರ್ ತೋರಿಸತ್ತೆ, ತೋರಿಸಲಿ. 2010ರಲ್ಲಿ ಬುರ್ಸಾದಲ್ಲಿ ಗೆಲ್ಫಾಂಡ್ ವಿರುದ್ಧ ನಕಮುರಾ ಗೆದ್ದ ಆಟ ತೆಗೆದು ನೋಡಿ, ಬೋರ್ಡಿನ ಮುಂದೆ ಕೂತ ಮನುಷ್ಯನಿಗೆ ಆ ನಂಬರ್ ಎಷ್ಟು ಸಹಾಯಕ್ಕೆ ಬಂತು ಅಂತ ಗೊತ್ತಾಗತ್ತೆ. ನಮ್ಮೂರ ಡ್ಯಾಮ್‌ನಲ್ಲಿ ನೀರು 2859 ಅಡಿ ಮುಟ್ಟೋವರೆಗೂ ನೋಡೋರಿಗೆ ಏನೂ ನಡೀತಿಲ್ಲ ಅನ್ಸತ್ತೆ. ಗೇಟ್ ಎತ್ತಿದ ದಿನ ಬಂದು ನೋಡಿ.

ಇನ್ನೊಂದು ಸಣ್ಣ ವಿಷಯ, ಆದ್ರೆ ಭಾರಿ ವಿಷಯ. ಚೆಸ್ ಪುಸ್ತಕಗಳಲ್ಲಿ ಹೆಚ್ಚಿನ ಚಿತ್ರಗಳು ಬಿಳಿಯವನ ಕಡೆಯಿಂದ ನೋಡಿದ ಹಾಗೆ ಇರ್ತವೆ. ಮಕ್ಕಳು ಸಾವಿರ ಸಲ ಆ ಕಡೆಯಿಂದಲೇ ಮೇಟ್ ನೋಡಿರ್ತಾರೆ. ಕಪ್ಪಿನ ಕಡೆ ಕೂತಾಗ ರಾಜ ರಾಣಿಯ ಎಡಕ್ಕೆ ಬರತ್ತೆ, ಓಣಿಗಳೆಲ್ಲ ಅದಲು ಬದಲು, ಗೊತ್ತಿರೋ ತಂತ್ರವೇ ಕಣ್ಣಿಗೆ ಕಾಣಲ್ಲ. ಇದಕ್ಕೆ ಧೈರ್ಯ ತುಂಬೋದೇನೂ ಬೇಡ, ಬೋರ್ಡ್ ತಿರುಗಿಸಿ ಇಟ್ಟರೆ ಸಾಕು. ಲಿಚೆಸ್‌ನಲ್ಲಿ ಪುಕ್ಕಟೆ ಒಗಟುಗಳಿವೆ, ಕಪ್ಪಿನ ನಡೆ ಇದ್ದಾಗ ಬೋರ್ಡ್ ತಾನೇ ತಿರುಗತ್ತೆ. ಆದ್ರೆ ಒಗಟಿನಲ್ಲಿ "ಇಲ್ಲಿ ಗೆಲ್ಲೋ ನಡೆ ಇದೆ" ಅಂತ ಮೊದಲೇ ಹೇಳಿಬಿಡ್ತಾರೆ. ನಿಜವಾದ ಆಟದಲ್ಲಿ ಹಾಗೆ ಯಾರೂ ಭುಜ ತಟ್ಟಲ್ಲ, ಅದಕ್ಕೇ ಒಗಟಿನ ಜೊತೆ ಪೂರ್ತಿ ಆಟಗಳನ್ನೂ ಕಪ್ಪಿನ ಕಡೆ ಕೂತು ಆಡಿ ನೋಡಬೇಕು.

ಚದುರಂಗ ಅಂದ ಕೂಡಲೇ ನಾವು ಕನ್ನಡಿಗರು ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರು ಹೇಳಿ ಎದೆ ಉಬ್ಬಿಸ್ತೀವಿ. ಹೇಳಬೇಕಾದ್ದೇ. ಕುದುರೆ ಒಂದು ಮನೆಯನ್ನೂ ಎರಡು ಸಲ ಮುಟ್ಟದೆ 64 ಮನೆ ಸುತ್ತಿ ಬರೋ ಬಂಧಗಳನ್ನ ಎಷ್ಟು ಚೆಂದ ಕಟ್ಟಿದಾರೆ! ಆದ್ರೆ ಆ ಬೋರ್ಡಿನ ಮೇಲೆ ಎದುರಾಳಿ ಇಲ್ಲ. ಅರಸರ ಕಪ್ಪು ಕಾಯಿಯ ಆಟ ನೋಡಬೇಕಾದ್ರೆ ಇತಿಹಾಸದಲ್ಲಿ ನೋಡಿ. 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡ್ರು. ಅರಸರು ದಶಕಗಟ್ಟಲೆ ಪತ್ರ ಬರೆದು, 1865ರಲ್ಲಿ ದತ್ತು ತೆಗೆದುಕೊಂಡು, ಅದಕ್ಕೆ ಒಪ್ಪಿಗೆಯನ್ನೂ ಪಡೆದು 1868ರಲ್ಲಿ ತೀರಿಕೊಂಡ್ರು. ಆ ದತ್ತುಮಗನ ಕೈಗೆ 1881ರಲ್ಲಿ ರಾಜ್ಯ ವಾಪಸ್ ಬಂತು. 50 ವರ್ಷದ ಕೌಂಟರ್ ಅಟ್ಯಾಕ್! ಅಂಥಾ ಪರಂಪರೆ ಇದ್ದ ನಾಡಿಗೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ಪಕ್ಕದ ತಮಿಳುನಾಡಿಗೆ 1988ರಲ್ಲೇ ಆನಂದ್ ಸಿಕ್ಕಿದ್ರು. ಇದಕ್ಕೆ ಕಾರಣ ನೂರಾರು ಇರಬಹುದು, ಎಲ್ಲವನ್ನೂ ಗೋಡೆ ಹತ್ರದ ಕೋಚ್ ತಲೆಗೆ ಕಟ್ಟಲ್ಲ.

"ನಮಗಿಂತ ಜೋರಾಗಿರೋರು ಎದುರಿಗೆ ಕೂತಾಗ ಕಪ್ಪಿನಲ್ಲಿ ಡ್ರಾ ಸಿಕ್ಕಿದ್ರೆ ಲಾಭ ಅಲ್ವಾ?" ಅಂತ ಗೆಳೆಯನೊಬ್ಬ ವಾದ ಮಾಡಿದ. ಹೌದು, ಸಿಕ್ಕಿದ್ರೆ ಲಾಭವೇ. ಆದ್ರೆ ಅದು ಸಿಗೋದು ಹೆಂಗೆ? ಮುದುರಿಕೊಂಡು ಕೂತವನಿಗೆ ಜೋರಾಗಿರೋರು ಡ್ರಾ ಕೊಡಲ್ಲ, ನಿಧಾನಕ್ಕೆ ಹಿಂಡಿ ಹಾಕ್ತಾರೆ. ನಮ್ಮ ಹಾರಂಗಿ ಹುಡುಗನಿಗೆ ಆಗಿದ್ದೂ ಅದೇ. ತಿರುಗಿ ಹೊಡೆಯೋ ಭಯ ಇದ್ದಾಗಲೇ ದೊಡ್ಡೋರು ಡ್ರಾ ಅಂತ ಕೈ ಚಾಚೋದು. 1956ರಲ್ಲಿ ನ್ಯೂಯಾರ್ಕಿನಲ್ಲಿ ಡೊನಾಲ್ಡ್ ಬರ್ನ್ ಅನ್ನೋ ದೊಡ್ಡ ಆಟಗಾರನ ಎದುರು ಕಪ್ಪು ಹಿಡಿದು ಕೂತ ಬಾಬ್ಬಿ ಫಿಶರ್‌ಗೆ 13 ವರ್ಷ. 17ನೇ ನಡೆಗೆ ಆ ಹುಡುಗ ರಾಣಿಯನ್ನೇ ಬಿಟ್ಟುಕೊಟ್ಟು ಒಂಟೆಯನ್ನ ಇ6ಗೆ ತಂದ, ಆಟ ಗೆದ್ದ. ಅವತ್ತು ಪೇರಿಂಗ್ ಹಾಳೆ ಹತ್ರ ಅವನಿಗೆ ಯಾರೂ ಬುದ್ಧಿ ಹೇಳದೇ ಇದ್ದಿದ್ದು ಪುಣ್ಯ.

ಬ್ಲಾಗಿಗ ಮಿತ್ರರಲ್ಲಿ ಮಕ್ಕಳು, ಅಣ್ಣನ ಮಕ್ಕಳು, ಅಕ್ಕನ ಮಕ್ಕಳು ಚೆಸ್ ಕಲೀತಿರೋರು ಬೇಕಾದಷ್ಟು ಜನ ಇದೀರಿ ಅಂತ ಗೊತ್ತು. ಈ ಭಾನುವಾರ ಒಂದು ಕೆಲಸ ಮಾಡಿ. ಅರೋನಿಯನ್-ಆನಂದ್ ಆಟ ನೆಟ್‌ನಲ್ಲಿ ಎಲ್ಲಾ ಕಡೆ ಸಿಗತ್ತೆ. ಬೋರ್ಡನ್ನ ಕಪ್ಪಿನ ಕಡೆಗೆ ತಿರುಗಿಸಿ ಇಡಿ, ಅರೋನಿಯನ್ 14ನೇ ನಡೆಗೆ ಎಫ್4 ಆಡೋವರೆಗೂ ನಡೆಸಿ, ಅಲ್ಲಿ ನಿಲ್ಲಿಸಿ. ಉತ್ತರ ಹೇಳಬೇಡಿ. ಬಿಳಿಯವನು ಏನು ಬಿಟ್ಟು ಬಂದ ಅಂತ ಮಾತ್ರ ಕೇಳಿ, ಹತ್ತು ನಿಮಿಷ ಬಿಡಿ. ಮಗು ಏನು ಹೇಳ್ತು ಅಂತ ಇಲ್ಲೋ ನಿಮ್ಮ ಬ್ಲಾಗಲ್ಲೋ ಬರೀರಿ, ನಾನು ಬಂದು ಓದ್ತೀನಿ.